ವಿದ್ಯಾರ್ಥಿಗಳೇ ರೂಪಿಸಿಕೊಳ್ಳುವ ಅಧ್ಯಯನ ಯೋಜನೆ: ಶಿಕ್ಷಕರ ಪಾಲು ಎಷ್ಟು?

ಪ್ರಶ್ನೆ (ವಿಜ್ಞಾನ ಶಿಕ್ಷಕಿ):
ಕಳೆದ ವರ್ಷ ನನ್ನ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ, ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಂಡು ಮೂರು ತಿಂಗಳು ಅಧ್ಯಯನ ಮಾಡಲು ಹೇಳಿದ್ದೆ. ಕೊನೆಗೆ ಕೈಸೇರಿದ್ದು ‘ಕಪ್ಪುಕುಳಿಗಳು’, ‘ಹವಾಮಾನ ಬದಲಾವಣೆ’ ಎಂಬಂಥ ದೊಡ್ಡ ದೊಡ್ಡ ಶೀರ್ಷಿಕೆಗಳ ಕೆಳಗೆ ಅಂತರ್ಜಾಲದಿಂದ ಇಳಿಸಿಕೊಂಡ ಪುಟಗಳು. ಈ ಬಾರಿ ವಿಷಯವನ್ನು ನಾನೇ ಕೊಟ್ಟರೆ ಅದು ಅವರ ಅಧ್ಯಯನವಾಗಿ ಉಳಿಯುವುದಿಲ್ಲ; ಕೊಡದಿದ್ದರೆ ಮತ್ತೆ ಅದೇ ಗತಿ. ಎಲ್ಲಿಯವರೆಗೆ ಕೈಹಿಡಿದು ನಡೆಸಬೇಕು, ಅಂಕಗಳನ್ನು ಯಾವುದಕ್ಕೆ ಕೊಡಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಭೌತವಿಜ್ಞಾನ ಉಪನ್ಯಾಸಕ):
ಮೇಡಂ, ನಿಮ್ಮ ವಿದ್ಯಾರ್ಥಿಗಳು ವಿಷಯವನ್ನು ಆರಿಸಿಕೊಂಡರು, ಪ್ರಶ್ನೆಯನ್ನು ಆರಿಸಿಕೊಳ್ಳಲಿಲ್ಲ. ‘ಹವಾಮಾನ ಬದಲಾವಣೆ’ ಎಂದು ಬರೆದುಕೊಂಡ ಹುಡುಗನಿಗೆ ಮರುದಿನ ಬೆಳಿಗ್ಗೆ ಮಾಡಬೇಕಾದ ಕೆಲಸವೇನೆಂದು ತಿಳಿಯುವುದಿಲ್ಲ. ಆದ್ದರಿಂದ ಅವನು ನಕಲು ಮಾಡುತ್ತಾನೆ. ‘ಮರದ ನೆರಳಿನ ಮಣ್ಣಿಗೂ ಬಯಲಿನ ಮಣ್ಣಿಗೂ ತಾಪಮಾನದ ವ್ಯತ್ಯಾಸ ಯಾವ ಹೊತ್ತಿನಲ್ಲಿ ಅತಿ ಹೆಚ್ಚು?’ ಎಂದು ಕೇಳಿಕೊಂಡವನು ಥರ್ಮಾಮೀಟರ್ ಹುಡುಕಿಕೊಂಡು ಹೊರಡುತ್ತಾನೆ.

ಪಠ್ಯಪುಸ್ತಕದ ಒಂದು ವಾಕ್ಯವನ್ನು ಅನುಮಾನಿಸುವುದರಿಂದಲೂ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಲೋಲಕದ ಆಂದೋಲನದ ಅವಧಿ ಅದರ ಉದ್ದವನ್ನು ಅವಲಂಬಿಸಿದೆಯೇ ಹೊರತು ಎಷ್ಟು ದೂರ ಎಳೆದು ಬಿಟ್ಟೆವು ಎಂಬುದನ್ನಲ್ಲ ಎಂದು ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಅದು ಸಣ್ಣ ಕೋನಗಳಿಗೆ ಮಾತ್ರ ಸಲ್ಲುವ ಮಾತು. 60 ಡಿಗ್ರಿಯಷ್ಟು ಎಳೆದು ಬಿಟ್ಟರೆ ಅವಧಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ದಾರಕ್ಕೆ ಭಾರವಾದ ಗುಂಡನ್ನು ಕಟ್ಟಿ ಹತ್ತು ಆಂದೋಲನಗಳನ್ನು ಎಣಿಸಿದರೆ ಒಂದು ಸೆಕೆಂಡಿಗೂ ಮೀರಿದ ವ್ಯತ್ಯಾಸ ಸಿಗುವುದರಿಂದ, ಅದನ್ನು ಹಿಡಿಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಪುಸ್ತಕದ ಮಾತು ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ತಾನೇ ಕಂಡುಕೊಂಡ ವಿದ್ಯಾರ್ಥಿ ಆ ಪಾಠವನ್ನು ಮರೆಯುವುದಿಲ್ಲ.

ಉತ್ತರ 2 (ಇತಿಹಾಸ ಶಿಕ್ಷಕಿ):
ಹಿಂದಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅಳೆಯಲು ಬರುವುದೇ ಅಧ್ಯಯನ ಎಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದು. ಒಂದೇ ಘಟನೆಯನ್ನು ಮೂವರು ಹಿರಿಯರು ಹೇಗೆ ಬೇರೆ ಬೇರೆಯಾಗಿ ನೆನಪಿಸಿಕೊಳ್ಳುತ್ತಾರೆ ಎಂಬುದೂ ಗಟ್ಟಿಯಾದ ಪ್ರಶ್ನೆಯೇ.

ಅಂಕಗಳ ವಿಚಾರದಲ್ಲಿ ಈಗಾಗಲೇ ಇರುವ ಮಾದರಿಗಳನ್ನು ನೋಡಬಹುದು. ಹಲವು ದೇಶಗಳ ಶಾಲೆಗಳಲ್ಲಿರುವ, ನಮ್ಮ ಪಿಯುಸಿ ಮಟ್ಟದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಡಿಪ್ಲೊಮಾದಲ್ಲಿ ವಿದ್ಯಾರ್ಥಿ ಸ್ವತಃ ಪ್ರಶ್ನೆ ಆರಿಸಿಕೊಂಡು ಬರೆಯುವ ‘ಎಕ್ಸ್‌ಟೆಂಡೆಡ್ ಎಸ್ಸೆ’ ಪ್ರಬಂಧಕ್ಕೆ 4,000 ಪದಗಳ ಮಿತಿಯಿದ್ದು, ಕೊನೆಯಲ್ಲಿ ವಿದ್ಯಾರ್ಥಿ ಮಾರ್ಗದರ್ಶಕರೊಡನೆ ಮುಖಾಮುಖಿ ಮಾತುಕತೆ ನಡೆಸಬೇಕು. ವಿದ್ಯಾರ್ಥಿಯೇ ವಿಷಯ ಆರಿಸಿಕೊಂಡು ಮಾಡುವ, ಇಂಗ್ಲೆಂಡಿನ ‘ಎಕ್ಸ್‌ಟೆಂಡೆಡ್ ಪ್ರಾಜೆಕ್ಟ್’ ಎಂಬ ಶಾಲಾ ಅರ್ಹತೆಯಲ್ಲಿ ಅಂತಿಮ ವರದಿಗಷ್ಟೇ ಅಲ್ಲದೆ, ಯೋಜನೆಯನ್ನು ನಿರ್ವಹಿಸಿದ ಬಗೆಗೂ ಮಾಡಿದ್ದನ್ನು ತಾನೇ ಹಿಂತಿರುಗಿ ವಿಮರ್ಶಿಸಿಕೊಂಡದ್ದಕ್ಕೂ ಅಂಕಗಳಿವೆ. ನಾನು ಇವೆರಡರಿಂದಲೂ ಎರವಲು ಪಡೆದು, ದಿನಚರಿ ಪುಸ್ತಕಕ್ಕೆ ಅರ್ಧದಷ್ಟು ಅಂಕಗಳನ್ನು ಮೀಸಲಿಟ್ಟಿದ್ದೇನೆ. ದಿನಾಂಕ ಹಾಕಿ ಬರೆದ, ಹೊಡೆದು ಹಾಕಿದ ಸಾಲುಗಳಿರುವ ದಿನಚರಿಯನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಲಾಗುವುದಿಲ್ಲ. (ಕೊನೆಯ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿಸಿದ ದಿನಚರಿಗಳನ್ನೂ ಕಂಡಿದ್ದೇನೆ, ವಾರಕ್ಕೊಮ್ಮೆ ಸಹಿ ಹಾಕಲು ಆರಂಭಿಸಿದ ಮೇಲೆ ಅದು ನಿಂತಿತು.)

ಇನ್ನೊಂದು ಮಾತು. ಮೊದಲ ಮೂರು ವಾರಗಳೊಳಗೆ ಪ್ರಶ್ನೆಯನ್ನು ಬದಲಿಸಿಕೊಳ್ಳಲು ಅವಕಾಶವಿರಲಿ. ಬದಲಿಸಿದ್ದಕ್ಕೆ ಕಾರಣ ಬರೆದರೆ ಅದಕ್ಕೂ ಅಂಕ ಕೊಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಆದರೆ ನನ್ನ ತರಗತಿಯಲ್ಲಿ ಅರವತ್ತು ಮಂದಿ ಇದ್ದಾರೆ. ವಾರಕ್ಕೆ ಅರವತ್ತು ದಿನಚರಿಗಳನ್ನು ಓದಿ ಸಹಿ ಹಾಕುವುದು ಹೇಗೆ?

ಉತ್ತರ 2ರ ಶಿಕ್ಷಕಿ:
ಎಲ್ಲವನ್ನೂ ನೀವೇ ಓದಬೇಕಾಗಿಲ್ಲ, ಮೇಡಂ. ನಾಲ್ವರ ಗುಂಪುಗಳನ್ನು ಮಾಡಿ, ಒಬ್ಬರ ದಿನಚರಿಯನ್ನು ಇನ್ನೊಬ್ಬರು ಓದಿ ಒಂದು ಪ್ರಶ್ನೆ ಬರೆದು ಸಹಿ ಹಾಕುವಂತೆ ನಿಯಮ ಮಾಡಿ. ನೀವು ವಾರಕ್ಕೆ ಹದಿನೈದನ್ನು ನೋಡಿದರೆ ತಿಂಗಳಿಗೊಮ್ಮೆ ಎಲ್ಲರದೂ ನಿಮ್ಮ ಕಣ್ಣಿಗೆ ಬೀಳುತ್ತದೆ. ಯಾರ ಸರದಿ ಯಾವ ವಾರ ಎಂಬುದನ್ನು ಮಾತ್ರ ಮೊದಲೇ ಹೇಳಬೇಡಿ.