‘ನೇಮ್ ರೆಸಲ್ಯೂಶನ್’ ಎಂಬುದಕ್ಕೆ ಕನ್ನಡ ಪದ

ಮಾನ್ಯರೇ, ಕಂಪ್ಯೂಟರ್ ಕೈಪಿಡಿಯೊಂದರ ಅನುವಾದವನ್ನು ನಾಳೆ ಅಚ್ಚಿಗೆ ಕೊಡಬೇಕಾಗಿದೆ. ಜಾಲತಾಣದ ಹೆಸರಿನಿಂದ ಅದರ ಸಂಖ್ಯಾರೂಪದ ವಿಳಾಸವನ್ನು (ಐಪಿ ವಿಳಾಸ) ತಿಳಿಸುವ ಡಿಎನ್‌ಎಸ್ ವ್ಯವಸ್ಥೆಯ ಅಧ್ಯಾಯದಲ್ಲಿ, ಆ ವಿಳಾಸವನ್ನು ತಿಳಿಯುವ ಕೆಲಸವಾದ ‘ನೇಮ್ ರೆಸಲ್ಯೂಶನ್’ ಎಂಬುದನ್ನು ‘ನಾಮ ಪರಿಹಾರ’ ಎಂದು ಬರೆದಿದ್ದೇನೆ. ‘ನಾಮ ಪರಿವರ್ತನೆ’ ಎಂದರೆ ಮೇಲೇ? ದಯವಿಟ್ಟು ತಿಳಿಸಿರಿ.

ಉತ್ತರ:
ಎರಡೂ ಸಲ್ಲವು. ‘ಪರಿಹಾರ’ ಎಂದೊಡನೆ ಓದುಗರಿಗೆ ಬೆಳೆನಷ್ಟದ ಹಣ ನೆನಪಾಗುತ್ತದೆ. ಪದವನ್ನು ಆರಿಸುವ ಮೊದಲು ನಡೆಯುವ ಕೆಲಸವನ್ನು ನೋಡಬೇಕು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸುವ ಮುನ್ನ ಜಾಲದ ಕಂಪ್ಯೂಟರುಗಳ ಎಲ್ಲ ಹೆಸರುಗಳೂ ವಿಳಾಸಗಳೂ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆ ಕಾಪಾಡುತ್ತಿದ್ದ ಒಂದೇ ಕಡತದಲ್ಲಿದ್ದುವು. ಆಗ ಪಟ್ಟಿಯನ್ನು ನೋಡಿದರೆ ಸಾಕಿತ್ತು. ಈಗ ಹಾಗಲ್ಲ. ಹಿಂದೆ ಪಡೆದ ಉತ್ತರ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಉಳಿದಿರದಿದ್ದರೆ, ನಮ್ಮ ಪರವಾಗಿ ವಿಳಾಸ ಹುಡುಕುವ ರಿಸಾಲ್ವರ್ ಮೊದಲು ಎಲ್ಲಕ್ಕೂ ಮೇಲಿನ ರೂಟ್ ಸರ್ವರನ್ನು ಕೇಳುತ್ತದೆ, ಹೆಸರು ‘ಡಾಟ್ ಇನ್’ ಎಂದು ಮುಗಿಯುವುದಾದರೆ ಅದು ‘ಡಾಟ್ ಇನ್’ ಸರ್ವರುಗಳನ್ನು ತೋರಿಸುತ್ತದೆ, ಅವು ಆ ಹೆಸರಿನ ಅಧಿಕೃತ ಸರ್ವರನ್ನು ತೋರಿಸುತ್ತವೆ, ಐಪಿ ವಿಳಾಸ ಸಿಗುವುದು ಅಲ್ಲಿಯೇ. ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ಕೇಳಿ ತಿಳಿಯುವ ಕೆಲಸಕ್ಕೆ ‘ವಿಳಾಸ ಪತ್ತೆ’ ಎಂಬುದೇ ತಕ್ಕ ಮಾತು.

ಇನ್ನೊಂದು ಉತ್ತರ:
ಒಪ್ಪಲಾರೆ. ‘ಪತ್ತೆ’ ಮರಾಠಿಯ ‘ಪತ್ತಾ’; ಅಲ್ಲಿ ಅದರ ಅರ್ಥವೇ ವಿಳಾಸ. ‘ವಿಳಾಸ’ ಸಂಸ್ಕೃತದ ‘ವಿಲಾಸ’. ಎರಡು ಎರವಲುಗಳನ್ನು ಹೊಲಿದು ಕನ್ನಡವೆಂದು ಕರೆಯಬಾರದು. ‘ನೆಲೆಯರಿಕೆ’ ಎಂದು ಬರೆಯಿರಿ.

ಮರುತ್ತರ:
‘ಅರಿಕೆ’ ಎಂದರೆ ಓದುಗರಿಗೆ ಬಿನ್ನಹವೇ ಹೊಳೆಯುವುದರಿಂದ ‘ನೆಲೆಯರಿಕೆ’ ಕೈಪಿಡಿಯಲ್ಲಿ ನಿಲ್ಲದು. ಸಂಸ್ಕೃತದ ‘ವಿಲಾಸ’ಕ್ಕೆ ಅಂಚೆಯ ವಿಳಾಸವೆಂಬ ಅರ್ಥವಿಲ್ಲ, ಆ ಅರ್ಥ ಕನ್ನಡ, ತಮಿಳು, ಮಲಯಾಳಗಳ ಬಳಕೆಯಲ್ಲಿ ಬೆಳೆದದ್ದು. ಮರಾಠಿಯಲ್ಲಿ ‘ಪತ್ತಾ’ ಏನೇ ಆಗಿರಲಿ, ಕನ್ನಡದಲ್ಲಿ ‘ಪತ್ತೆ’ ಎಂದರೆ ಹುಡುಕಿ ತಿಳಿಯುವುದು. ಇಷ್ಟು ಅರ್ಥವನ್ನು ನಮ್ಮ ಜನರೇ ತುಂಬಿದ ಪದಗಳನ್ನು ಹುಟ್ಟಿನ ಕಾರಣಕ್ಕೆ ಹೊರಗಿಡುವುದು ಅನ್ಯಾಯ. ಸರ್ವರ್, ಡೊಮೈನ್, ಐಪಿ ಎಂಬವನ್ನೂ ಹಾಗೆಯೇ ಉಳಿಸಿಕೊಳ್ಳಬೇಕು; ‘ಡೊಮೈನ್’ ಇದ್ದಲ್ಲಿ ‘ಕ್ಷೇತ್ರ’ ಎಂದರೆ ಚುನಾವಣೆಯೋ ತೀರ್ಥಯಾತ್ರೆಯೋ ನೆನಪಾಗುತ್ತದೆ.

ಅನುವಾದಕರು ‘ಪರಿವರ್ತನೆ’ಯನ್ನು ಮಾತ್ರ ಇಲ್ಲಿ ವೆಚ್ಚ ಮಾಡಬಾರದು, ಏಕೆಂದರೆ ಅದರ ಅಗತ್ಯ ಅದೇ ಅಧ್ಯಾಯದಲ್ಲಿ ಮುಂದೆ ಬರಬಹುದು. ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಕನ್ನಡ ಲಿಪಿಯ ಹೆಸರನ್ನು ಬ್ರೌಸರ್ ಮೊದಲು ಪ್ಯೂನಿಕೋಡ್ ಕ್ರಮದಲ್ಲಿ ರೋಮನ್ ಅಕ್ಷರ, ಅಂಕಿಗಳಿಗೆ ತಿರುಗಿಸುತ್ತದೆ, ವಿಳಾಸವನ್ನು ಕೇಳುವುದು ಆಮೇಲೆ. ಮೊದಲನೆಯದು ಪರಿವರ್ತನೆ, ಎರಡನೆಯದು ಪತ್ತೆ. ಎರಡಕ್ಕೂ ಒಂದೇ ಪದವನ್ನಿಟ್ಟರೆ ಆ ಪುಟ ಯಾರಿಗೂ ಅರ್ಥವಾಗದು.