9 ಕೆಜಿ ಸೀಸ ಕಟ್ಟಿಕೊಂಡರೂ ಮೇಲಕ್ಕೆ ತೇಲಿದೆ, ಹೇಗೆ?

ಗಂಗಾವತಿ ಹುಡುಗ:
ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಕೋರ್ಸ್ ಮುಗಿಸಿದೆ. ಮುಳುಗಲು ಸೊಂಟದ ಬೆಲ್ಟಿಗೆ ಸೀಸ ಕಟ್ಟುತ್ತಾರಲ್ಲ, ಪೂಲಲ್ಲಿ ಅದು 4 ಕೆಜಿ ಸಾಕಾಗಿತ್ತು. ಸಮುದ್ರದಲ್ಲಿ ಸೂಟ್ ಅದೇ, ಸಿಲಿಂಡರ್ ಅದೇ, ಬೆಲ್ಟಿಗೆ ಮಾತ್ರ 9 ಕೆಜಿ ಏರಿಸಿದರು, ಜಾಸ್ತಿ ಇದ್ದರೆ ಒಳ್ಳೇದು ಅಂತ. ಕೊಡ ಬಾವಿಗೆ ಬಿದ್ದ ಹಾಗೆ ಇಳಿದೆ. ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿ ತುಂಬಿ ಹೇಗೋ 10 ಮೀಟರಲ್ಲಿ ನಿಂತೆ, ಅದೂ ಕಾಲು ಜೋತುಬಿದ್ದು, ನೀರೊಳಗೆ ಸೈಕಲ್ ತುಳಿದ ಹಾಗೆ. ಆದರೆ ವಾಪಸ್ ಬರುವಾಗ ಸುರಕ್ಷತೆಗೆ ಅಂತ 5 ಮೀಟರಲ್ಲಿ 3 ನಿಮಿಷ ನಿಲ್ಲಬೇಕಲ್ಲ, ಅಲ್ಲಿ ನಿಲ್ಲಲು ಆಗಲೇ ಇಲ್ಲ, ಸರ್ರನೆ ಮೇಲೆ ಬಂದುಬಿಟ್ಟೆ. ಮುಂದಿನ ಸಲ 10 ಹಾಕ್ಕೊಳ್ಳಲಾ?

ಬಳ್ಳಾರಿ ಬಿಸಿಲು:
ಬೇಡ ಮಾರಾಯ, ಇಳಿಸು. ನಿನ್ನನ್ನ ಮೇಲೆತ್ತಿದ್ದು ಆ ಹೆಚ್ಚಿನ ಸೀಸವೇ. ಉಪ್ಪುನೀರು ಸಿಹಿನೀರಿಗಿಂತ ಸುಮಾರು 2.5% ಭಾರ, ಸಾಮಾನು ಸೇರಿ ನೀನು 100 ಕೆಜಿ ಇದ್ದರೆ ಪೂಲಿಗಿಂತ ಎರಡೂವರೆ ಕೆಜಿ ಜಾಸ್ತಿ ಬೇಕು, ಅಂದರೆ ಆರೂವರೆ. ಉಳಿದ ಎರಡೂವರೆ ದಂಡ. ಆ ದಂಡದ ಭಾರ ಎತ್ತಲು ಜಾಕೆಟ್ಟಿಗೆ ಎರಡೂವರೆ ಲೀಟರ್ ಗಾಳಿ ಹಾಕಿದೆಯಲ್ಲ, 10 ಮೀಟರಿನಿಂದ 5ಕ್ಕೆ ಬರುವಷ್ಟರಲ್ಲಿ ಒತ್ತಡ ಇಳಿದು ಅದು 3.3 ಲೀಟರ್ ಆಗುತ್ತದೆ, ನೀರಿನ ಮೇಲೆ ಬಂದರೆ 5. ಗಾಳಿ ಹಿಗ್ಗಿದಷ್ಟೂ ಬೇಗ ಏರುತ್ತೀಯ, ಏರಿದಷ್ಟೂ ಇನ್ನೂ ಹಿಗ್ಗುತ್ತದೆ. ಏರುವಾಗ ಗಾಳಿ ಬಿಡುವ ಬಟನ್ ಮೇಲೆ ಕೈ ಇತ್ತಾ? ಸ್ವಲ್ಪ ಸ್ವಲ್ಪ ಬಿಡುತ್ತಾ, ನಿಮಿಷಕ್ಕೆ 9 ಮೀಟರ್ ದಾಟದ ಹಾಗೆ ಬರಬೇಕು.

ರಾಯಚೂರು ಈಜುಗಾರ:
ಒಂದು ಮಾತು ಕೇಳಲಾ, ನೀನು ಈಜು ಕಲಿತಿದ್ದು ಬಾವಿಯಲ್ಲೇ ತಾನೇ? ನಾನೂ ಅಷ್ಟೇ, ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು. ನಮ್ಮಂಥವರಿಗೆ ಮುಳುಗುವಾಗ ಎದೆ ತುಂಬ ಉಸಿರು ಹಿಡಿಯೋ ಚಟ. ಉಸಿರು ತುಂಬಿದ್ದರೆ ಇಳಿಯೋದೇ ಇಲ್ಲ, ಆಗ ಕಲಿಸುವವರು ಸೀಸ ಹಾಕುತ್ತಾ ಹೋಗುತ್ತಾರೆ. ನನಗೂ ಹೀಗೇ ಆಗಿತ್ತು. ಪೂರ್ತಿ ಉಸಿರು ಬಿಟ್ಟು ನೋಡು, ತಾನಾಗಿ ಇಳಿಯುತ್ತೀಯ. ಸ್ಕೂಬಾದಲ್ಲಿ ಉಸಿರು ಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿಯುತ್ತದೆ, ಅದಂತೂ ಆಟವಲ್ಲ.

ಗಂಗಾವತಿ ಹುಡುಗ:
ಹೌದಣ್ಣ, ಬಾವಿಯೇ! ಸರಿ, ಹಾಗಾದರೆ ಆರೂವರೆ ಹಾಕಿ ಸುಮ್ನೆ ಇಳಿಯಲಾ?

ಬಳ್ಳಾರಿ ಬಿಸಿಲು:
ಅದು ಅಂದಾಜು, ಅಷ್ಟೇ. ಡೈವ್ ಮುಗಿದು ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಾಗ ನೋಡು. ಜಾಕೆಟ್ ಖಾಲಿ ಮಾಡಿ, ಕೈಕಾಲು ಆಡಿಸದೆ ನೆಟ್ಟಗೆ ನಿಂತು, ಸಾಮಾನ್ಯ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡುವುದಾದರೆ ಆಮೇಲೆ 2 ಕೆಜಿ ಸೇರಿಸು, ಯಾಕೆಂದರೆ ಉಸಿರಾಡಿದ ಗಾಳಿಗೂ ತೂಕ ಇದೆ, ಕೊನೆಗೆ ಅಲ್ಯೂಮಿನಿಯಂ ಸಿಲಿಂಡರ್ ತೇಲುತ್ತದೆ. ಇನ್ನೊಂದು, ಬೆಲ್ಟಿನ ಬಕಲ್ ಒಂದೇ ಕೈಯಲ್ಲಿ ಬಿಚ್ಚುವ ಹಾಗಿರಲಿ. ನೀರಿನ ಮೇಲೆ ಬಂದು ಮುಳುಗುತ್ತಿದ್ದೀಯ ಅಂದರೆ ದುಡ್ಡಿನ ಮುಖ ನೋಡಬೇಡ, ಬಿಚ್ಚಿ ಎಸೆ.

ಗಂಗಾವತಿ ಹುಡುಗ:
ಅಲ್ಲಿವರೆಗೆ ಸಾಣಾಪುರ ಕೆರೆಯಲ್ಲಿ ಒಬ್ಬನೇ ಪ್ರಾಕ್ಟೀಸ್ ಮಾಡಬಹುದಾ?

ರಾಯಚೂರು ಈಜುಗಾರ:
ಅಲ್ಲಿ ಹರಿಗೋಲು ಹತ್ತು, ಸಾಕು.