ಕೇರೆ ಹಾವು ಎಮ್ಮೆಯ ಹಾಲು ಕುಡಿಯುವುದು ನಿಜವೇ?

ಪ್ರಶ್ನೆ (ರೈತ, ಮುಧೋಳ ತಾಲೂಕು):
ಎಲ್ಲರಿಗೂ ನಮಸ್ಕಾರ. ನಮ್ಮ ಪಂಢರಪುರಿ ಎಮ್ಮೆ ಕೆಲವು ದಿನಗಳಿಂದ ಬೆಳಗಿನ ಹಾಲನ್ನು ಅರ್ಧಕ್ಕರ್ಧ ಕಡಿಮೆ ಕೊಡುತ್ತಿದ್ದು, ಒಂದು ಮೊಲೆತೊಟ್ಟಿನ ಮೇಲೆ ಸಣ್ಣ ಗಾಯವೂ ಇದೆ. ಅದೇ ಹೊತ್ತಿಗೆ ಕಣಿಕೆಯ ಬಣವೆಯಲ್ಲಿ ಮಾರುದ್ದದ ಕೇರೆ ಹಾವು ಕಾಣಿಸಿಕೊಂಡಿದ್ದರಿಂದ, ಆ ಹಾವೇ ರಾತ್ರಿ ಎಮ್ಮೆಯ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ, ಹೊಡೆದು ಹಾಕಬೇಕು ಎಂದು ಹಿರಿಯರು ಹೇಳುತ್ತಿದ್ದಾರೆ. ಕೇರೆಯೆಂದರೆ ನಾಗರಹಾವಿನ ಗಂಡು ಎಂಬ ಮಾತು ಬೇರೆ ಸೇರಿ, ಮನೆಯ ಹೆಣ್ಣುಮಕ್ಕಳು ಕೊಟ್ಟಿಗೆಗೆ ಹೋಗಲು ಅಂಜುತ್ತಿದ್ದಾರೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ವಿಜ್ಞಾನ ಶಿಕ್ಷಕ, ಬಾಗಲಕೋಟೆ):
ದಯವಿಟ್ಟು ಆ ಹಾವನ್ನು ಹೊಡೆಯಬೇಡಿರಿ. ಕರು ಮೊಲೆಯುಣ್ಣುವಾಗ ತುಟಿ, ಕೆನ್ನೆ, ನಾಲಿಗೆ ಮೂರನ್ನೂ ಕೂಡಿಸಿ ತೊಟ್ಟನ್ನು ಬಿಗಿಯಾಗಿ ಹಿಡಿದು ಚೀಪುತ್ತದೆ. ಹಾವಿಗೆ ಮೆತ್ತನೆಯ ತುಟಿಯೂ ಇಲ್ಲ, ಕೆನ್ನೆಯೂ ಇಲ್ಲ, ಸೀಳಿದ ತೆಳು ನಾಲಿಗೆ ಇರುವುದು ವಾಸನೆ ಹಿಡಿಯುವುದಕ್ಕೆ. ಅದರ ಹಲ್ಲುಗಳು ಸೂಜಿಯಂತೆ ಚೂಪಾಗಿ ಗಂಟಲಿನ ಕಡೆಗೆ ಬಾಗಿರುವುದರಿಂದ, ಒಮ್ಮೆ ತೊಟ್ಟು ಹಿಡಿದರೆ ಚರ್ಮ ಹರಿಯದೆ ಬಿಡಿಸಿಕೊಳ್ಳಲಾಗದು, ಅಂಥ ನೋವನ್ನು ಯಾವ ಎಮ್ಮೆಯೂ ಸುಮ್ಮನೆ ನಿಂತು ಸಹಿಸದು. ಅದು ಬಣವೆಗೆ ಬಂದಿರುವುದು ಇಲಿಗಾಗಿ. ಕಬ್ಬಿನ ಗದ್ದೆ, ರವದಿ (ಕಬ್ಬಿನ ಒಣಗಿದ ಎಲೆ), ಕಣಿಕೆ ಇರುವಲ್ಲಿ ಇಲಿಯಿರುತ್ತದೆ, ಇಲಿಯಿರುವಲ್ಲಿ ಕೇರೆಯಿರುತ್ತದೆ.

ಇನ್ನು ನಾಗರಹಾವಿನ ಗಂಡು ಎಂಬ ಮಾತಿನಲ್ಲಿ ಹುರುಳಿಲ್ಲ. ಇವೆರಡೂ ಬೇರೆ ಬೇರೆ ಕುಟುಂಬದ ಹಾವುಗಳು, ಎರಡರಲ್ಲೂ ಗಂಡು ಹೆಣ್ಣು ಉಂಟು, ಮತ್ತು ಕೇರೆಗೆ ವಿಷವಿಲ್ಲ. ಎರಡು ಕೇರೆಗಳು ಹೆಣೆದುಕೊಂಡು ಮೇಲೇಳುವುದನ್ನು ಜನ ಮಿಲನವೆಂದು ತಿಳಿದು ಕೈಮುಗಿಯುತ್ತಾರೆ, ಆದರೆ ಅದು ಸಾಮಾನ್ಯವಾಗಿ ಎರಡು ಗಂಡುಗಳ ಕುಸ್ತಿ.

ಉತ್ತರ (ಪಶುವೈದ್ಯ ಪರೀಕ್ಷಕ, ವಿಜಯಪುರ):
ಗುರುಗಳು ಹಾವಿನ ವಿಷಯ ಹೇಳಿದ್ದಾರೆ, ನಾನು ಎಮ್ಮೆಯ ವಿಷಯ ಹೇಳುತ್ತೇನೆ. ನಿಮ್ಮ ವಿವರಣೆ ಓದಿದರೆ ಮೊದಲು ಕೆಚ್ಚಲು ಬಾವಿನ ಅನುಮಾನ ಬರುತ್ತದೆ. ಕೆಚ್ಚಲಿನ ನಾಲ್ಕು ಭಾಗಗಳೂ ಒಳಗೆ ಪ್ರತ್ಯೇಕವಾಗಿರುವುದರಿಂದ ಒಂದೇ ಭಾಗಕ್ಕೆ ಸೋಂಕು ತಗುಲಿ ಅಲ್ಲಿ ಮಾತ್ರ ಹಾಲು ಕಡಿಮೆಯಾಗಬಹುದು. ನಾಳೆ ಹಿಂಡುವ ಮುನ್ನ ಪ್ರತಿ ತೊಟ್ಟಿನ ಮೊದಲ ನಾಲ್ಕಾರು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿರಿ. ಮೊಸರಿನಂಥ ಹೆಪ್ಪು, ನೀರಾದ ಹಾಲು ಅಥವಾ ರಕ್ತದ ಎಳೆ ಕಂಡರೆ, ಇಲ್ಲವೇ ಕೆಚ್ಚಲು ಬಿಸಿಯಾಗಿ ಗಟ್ಟಿಯಾಗಿದ್ದರೆ ತಡ ಮಾಡಬೇಡಿರಿ. ಏನೂ ಕಾಣದಿದ್ದರೂ ಒಳಗೆ ಬಾವು ಇರಬಹುದು, ಹಾಗಾಗಿ ಹಾಲಿನ ಪರೀಕ್ಷೆ ಮಾಡಿಸಿರಿ. ತೊಟ್ಟಿನ ಗಾಯ ಮುಳ್ಳಿನಿಂದಲೋ ಒಡಕಿನಿಂದಲೋ ಆಗಿರಬಹುದು. ನೋವಿದ್ದರೆ ಎಮ್ಮೆ ಹಾಲನ್ನು ಪೂರ್ತಿ ಬಿಡದೆ ತಡೆಹಿಡಿಯಬಹುದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು, ನಾಳೆಯೇ ನೋಡುತ್ತೇನೆ. ಆದರೆ ಪಂಚಮಿಯಲ್ಲಿ ಹಾವಾಡಿಗರ ನಾಗರಹಾವು ಕಣ್ಣೆದುರೇ ಹಾಲು ಕುಡಿಯುತ್ತದಲ್ಲ ಎಂದು ತಂದೆಯವರು ಕೇಳುತ್ತಿದ್ದಾರೆ.

ಉತ್ತರ (ಬೆಳಗಾವಿ):
ತಂದೆಯವರು ಕಂಡದ್ದು ಸುಳ್ಳಲ್ಲ, ಆದರೆ ಅದು ಹಸಿವಲ್ಲ, ದಾಹ. ಹಬ್ಬಕ್ಕೆ ಮುಂಚೆಯೇ ಹಿಡಿದ ಹಾವನ್ನು ನೀರಿಲ್ಲದೆ ಬುಟ್ಟಿಯಲ್ಲಿಟ್ಟಿರುತ್ತಾರೆ, ಅನೇಕ ವೇಳೆ ವಿಷದ ಹಲ್ಲನ್ನೂ ಕಿತ್ತಿರುತ್ತಾರೆ; ಆ ಸ್ಥಿತಿಯಲ್ಲಿ ಯಾವ ದ್ರವ ಇಟ್ಟರೂ ಅದು ಬಾಯಿ ಹಾಕುತ್ತದೆ. ಹಾಲು ಅದರ ಆಹಾರವಲ್ಲ, ಕುಡಿದ ಮೇಲೆ ಎಷ್ಟೋ ಹಾವುಗಳು ಸಾಯುತ್ತವೆ. ಹೀಗೆ ಹಿಡಿದು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು. ನಮ್ಮ ಮನೆಯಲ್ಲಿ ಮಣ್ಣಿನ ನಾಗಪ್ಪನಿಗೇ ಹಾಲೆರೆಯುತ್ತೇವೆ. ತಂದೆಯವರಿಗೆ ಅದನ್ನೇ ತಿಳಿಸಿರಿ.